ಕಾಯಿ ಒಡೆಯದೆ ಒಳಗನ್ನು ಕಂಡ ಕಥೆ

ಮಕ್ಕಳೇ, ಮಕ್ಕಳ ಅಜ್ಜ ಅಜ್ಜಿಯರೇ,

ಕುಣಿಗಲ್ಲಿನ ಏಳನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳಿಸಿದ್ದಾಳೆ. "ತಾತ, ಎಂಆರ್‌ಐ ಯಂತ್ರದೊಳಗೆ ಮಲಗಿಸಿದರೆ ತಲೆಯಲ್ಲಿ ಇರುವುದೆಲ್ಲ ಕಾಣುತ್ತದಂತೆ. ಹಾಗಾದರೆ ನಾವು ಏನು ಯೋಚನೆ ಮಾಡುತ್ತಿದ್ದೇವೆ ಅಂತಲೂ ಡಾಕ್ಟರಿಗೆ ಗೊತ್ತಾಗಿಬಿಡುತ್ತದೆಯೇ?"

ಇಲ್ಲ ಮಗೂ, ಹೆದರಬೇಡ. ಆ ಚಿತ್ರದಲ್ಲಿ ನಿನ್ನ ಯೋಚನೆ ಕಾಣುವುದಿಲ್ಲ. ನೀನು ಹೋಂವರ್ಕ್ ಮಾಡದೆ ಮಲಗಿದ್ದೂ ಕಾಣುವುದಿಲ್ಲ. ಆದರೆ ಒಮ್ಮೆ ಆ ಯಂತ್ರ ನಮ್ಮ ಮನೆಯವರು ಯಾರೂ ನಂಬದೇ ಇದ್ದ ಒಂದು ಸಂಗತಿಯನ್ನು ತೋರಿಸಿಕೊಟ್ಟಿತು. ನಂಬದವರಲ್ಲಿ ನಾನೂ ಒಬ್ಬ. ಆ ಕಥೆಯನ್ನೇ ಈ ವಾರ ಹೇಳುತ್ತೇನೆ. ನನ್ನ ತಂಗಿಯ ಮಗಳದ್ದು. ಕೇಳಿದಾಗ ಅವಳು, "ಬರಿ ಮಾವ, ಇನ್ನೊಬ್ಬರಿಗಾದರೂ ಬೇಗ ಗೊತ್ತಾಗಲಿ. ನನ್ನ ಹೆಸರು ಮಾತ್ರ ಹಾಕಬೇಡ" ಅಂದಳು. ಆದ್ದರಿಂದ ಹೆಸರಿಲ್ಲ.

ಅವಳು ಕುಣಿಗಲ್ಲಿನವಳು. ಕುಣಿಗಲ್ ಕೆರೆಯ ಏರಿಯ ಮೇಲೆ ಸೈಕಲ್ ಕಲಿತವಳು. ಮದುವೆಯಾಗಿ ಗುಬ್ಬಿ ತಾಲ್ಲೂಕಿನ ಒಂದು ತೋಟದ ಮನೆ ಸೇರಿದಳು. ತೆಂಗು, ಅಡಿಕೆ, ಎರಡು ಹಸು, ಮನೆ ತುಂಬ ಕೆಲಸ. ಮದುವೆಯಾಗಿ ಐದಾರು ವರ್ಷವಾಗಿತ್ತು, ಒಂದು ಹೆಣ್ಣು ಮಗುವಿತ್ತು. ಒಂದು ಬೆಳಗ್ಗೆ ಅವಳ ಬಲಗಣ್ಣು ಮಂಜಾಯಿತು. ಕಣ್ಣು ಹೊರಳಿಸಿದರೆ ಒಳಗೆ ನೋವು. ಕನ್ನಡಿ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದಾಗ, ಎಡಗಣ್ಣಿಗೆ ಕುಂಕುಮ ಕೆಂಪಗೇ ಇತ್ತು, ಬಲಗಣ್ಣಿಗೆ ಮಾಸಿದ ಇಟ್ಟಿಗೆಯ ಬಣ್ಣ. ಹೇಳಿದಾಗ ಎಲ್ಲರೂ ನಕ್ಕರು. "ಕುಂಕುಮ ಕಲಬೆರಕೆ ಇರಬೇಕು ಬಿಡು" ಅಂದರು. ಕನ್ನಡಕ ಮಾಡಿಸಿದರು. ಅವರ ಅತ್ತೆ ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಗೆ ಹರಕೆ ಹೊತ್ತರು. ಆರು ವಾರದಲ್ಲಿ ಕಣ್ಣು ತಾನಾಗಿ ತಿಳಿಯಾಯಿತು. ಹರಕೆ ತೀರಿಸಿ ಎಲ್ಲರೂ ಮರೆತರು.

ಒಂದು ವರ್ಷ ಕಳೆಯಿತು. ಈಗ ಎಡಗಾಲು ಜೋಮು ಹಿಡಿಯತೊಡಗಿತು. ನಡೆಯುವಾಗ ಕಾಲಿನಿಂದ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಮಗಳು "ಅಮ್ಮಾ, ಚಪ್ಪಲಿ!" ಅಂತ ಕೂಗಬೇಕು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಸೋತು, ಬಿಂದಿಗೆ ಎತ್ತಲೂ ಆಗುತ್ತಿರಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ನಿಶ್ಶಕ್ತಿ ಅಂದರು, ಶಕ್ತಿ ಮಾತ್ರೆ ಕೊಟ್ಟರು. ಅವರ ಅತ್ತೆಗೆ ಅನುಮಾನ. "ಬೆಳಗ್ಗೆ ಎದ್ದಾಗ ಚೆನ್ನಾಗೇ ಇರ್ತಾಳೆ ಕಣಣ್ಣ. ಬಟ್ಟೆ ಒಗೆಯೋ ಹೊತ್ತಿಗೆ ಸರಿಯಾಗಿ ಕಾಲು ಜೋಮು!" ಎಂದು ನನ್ನ ಹತ್ತಿರವೇ ಹೇಳಿದರು. ನಾನೇನು ಮಾಡಿದೆ ಗೊತ್ತೇ? ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು, ತಂಗಿಯ ಮಗಳನ್ನು ಕೂರಿಸಿಕೊಂಡು, "ಸೊಪ್ಪು ತರಕಾರಿ ತಿನ್ನಮ್ಮ, ಬೇಗ ಏಳು, ಮನಸ್ಸು ಗಟ್ಟಿ ಮಾಡ್ಕೋ" ಎಂದು ಉಪದೇಶ ಮಾಡಿದೆ. ಅವಳು ಏನೂ ಅನ್ನಲಿಲ್ಲ. ತಲೆ ತಗ್ಗಿಸಿ ಕೂತಿದ್ದಳು. ಅದು ನನಗೆ ಈಗಲೂ ಚುಚ್ಚುತ್ತದೆ.

ಆ ದೀಪಾವಳಿಗೆ ಎಣ್ಣೆ ಹಚ್ಚಿ ಹಂಡೆಯ ಸುಡು ನೀರು ಹುಯ್ದುಕೊಂಡು ಬಂದವಳಿಗೆ ಮತ್ತೆ ಅದೇ ಬಲಗಣ್ಣು ಮಂಜಾಯಿತು. ಒಂದು ಗಂಟೆ ಫ್ಯಾನಿನ ಕೆಳಗೆ ಕೂತ ಮೇಲೆ ಸರಿಹೋಯಿತು. ಆಗ ಅವಳ ಗಂಡನಿಗೆ ಹೆದರಿಕೆಯಾಗಿ ತುಮಕೂರಿಗೆ, ನಮ್ಮ ಮನೆಗೆ ಕರೆತಂದ.

ತುಮಕೂರಿನಲ್ಲಿ ಒಬ್ಬರು ನರರೋಗ ವೈದ್ಯರು ಅವಳ ಕಾಲನ್ನು ಸುತ್ತಿಗೆಯಿಂದ ತಟ್ಟಿ, ಪಾದಕ್ಕೆ ಸೂಜಿಯ ಮೊನೆ ತಾಗಿಸಿ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಇದಕ್ಕೆ ಮುಂಚೆ ಯಾವತ್ತಾದರೂ, ದೇಹದ ಬೇರೆ ಕಡೆ, ಏನಾದರೂ ತೊಂದರೆ ಬಂದು ತಾನಾಗೇ ಹೋಗಿತ್ತಾ ಅಮ್ಮ?" ಅವಳು ಕಣ್ಣಿನ ವಿಷಯ ಹೇಳಿದಳು, ಸ್ನಾನದ ವಿಷಯವನ್ನೂ ಹೇಳಿದಳು. ಕಾಲಿಗೂ ಕಣ್ಣಿಗೂ ಏನು ಸಂಬಂಧ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆ ವೈದ್ಯರು ಮಾತ್ರ ಪೆನ್ನು ಕೆಳಗಿಟ್ಟು ಗಮನವಿಟ್ಟು ಕೇಳಿದರು. "ಮಿದುಳಿನದೂ ಬೆನ್ನುಹುರಿಯದೂ ಎಂಆರ್‌ಐ ಮಾಡಿಸೋಣ" ಅಂದರು.

ಕಾಲಿಗೂ ಕಣ್ಣಿಗೂ ಏನು ಸಂಬಂಧ? ತೋಟದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಬೋರ್‌ವೆಲ್ಲಿನ ಮೋಟರಿಗೆ ಹೋಗುವ ವೈರು ನೋಡಿದ್ದೀರಲ್ಲ? ಒಳಗೆ ತಂತಿ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಇಲಿಯೋ ಅಳಿಲೋ ಆ ಹೊದಿಕೆಯನ್ನು ಕಡಿದರೆ ತಂತಿ ಇನ್ನೂ ತುಂಡಾಗಿರುವುದಿಲ್ಲ, ಆದರೆ ಮೋಟರು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ನಮ್ಮ ನರಗಳಿಗೂ ಅಂಥ ಹೊದಿಕೆಯಿದೆ. ಅದರ ಹೆಸರು ಮೈಲಿನ್, ಕೊಬ್ಬಿನಿಂದ ಆದದ್ದು. ಹೊದಿಕೆ ಚೆನ್ನಾಗಿರುವ ದಪ್ಪ ನರದಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರಿನಷ್ಟು ವೇಗದಲ್ಲಿ ಓಡಬಲ್ಲದು. ಹೊದಿಕೆಯೇ ಇಲ್ಲದ ಸಣ್ಣ ನರದಲ್ಲಿ ಸೆಕೆಂಡಿಗೆ ಒಂದೆರಡು ಮೀಟರು, ಅಂದರೆ ನಾವು ನಡೆಯುವ ವೇಗ.

ನಮ್ಮ ಮೈಯಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಕಾವಲು ಪಡೆ ಇದೆ. ಕೆಲವರಲ್ಲಿ ಅದು ದಾರಿ ತಪ್ಪಿ, ತನ್ನ ಮನೆಯ ವೈರನ್ನೇ ಶತ್ರುವೆಂದು ತಿಳಿದು ಮೈಲಿನ್ ಹೊದಿಕೆಯನ್ನು ಕಡಿಯುತ್ತದೆ. ಮಿದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳಲ್ಲಿ ಅಲ್ಲೊಂದು ಇಲ್ಲೊಂದು ಗಾಯದ ಕಲೆ ಮೂಡುತ್ತದೆ. ಕಲೆ ಕಣ್ಣಿನ ನರದಲ್ಲಾದರೆ ದೃಷ್ಟಿ ಮಂಜು, ಬೆನ್ನುಹುರಿಯಲ್ಲಾದರೆ ಕಾಲು ಜೋಮು. ಮೈ ಬಿಸಿಯಾದರೆ ಹೊದಿಕೆ ಸವೆದ ನರ ಇನ್ನಷ್ಟು ತಡವರಿಸುತ್ತದೆ. ಅದಕ್ಕೇ ಸುಡು ನೀರಿನ ಸ್ನಾನದ ನಂತರ ಕಣ್ಣು ಮಂಜಾದದ್ದು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ವೈದ್ಯರು ರೋಗಿಯನ್ನು ಬಿಸಿ ನೀರಿನ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷಿಸುತ್ತಿದ್ದುದೂ ಉಂಟು! ಉರಿ ಇಳಿದು, ದೇಹವೇ ಅಲ್ಪಸ್ವಲ್ಪ ತೇಪೆ ಹಾಕಿದಾಗ ತೊಂದರೆ ಹೋಗುತ್ತದೆ. ಹರಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಹೀಗೆ ಬಂದು ಹೋಗುವುದು ಈ ರೋಗದ ಸ್ವಭಾವ.

ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ಚಿಕ್ಕದಾಗಿ ಎಂಎಸ್. ಅನೇಕ ಗಟ್ಟಿ ಕಲೆಗಳು ಎಂದು ಅರ್ಥ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಂಟುರೋಗವಲ್ಲ. ಯಾರ ಶಾಪವೂ ಅಲ್ಲ. ಪ್ಯಾರಿಸ್ಸಿನ ವೈದ್ಯ ಶಾರ್ಕೋ 1868ರಲ್ಲಿ ಇದನ್ನು ಒಂದು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವಿವರಿಸಿದರು. ಅವರು ಕಲೆಗಳನ್ನು ನೋಡಿದ್ದು ರೋಗಿ ತೀರಿಕೊಂಡ ಮೇಲೆ, ಮಿದುಳನ್ನು ಕತ್ತರಿಸಿ. ಬದುಕಿರುವವರ ತಲೆಯೊಳಗಿನ ಕಲೆ ಕಾಣಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು.

ಈಗ ಸ್ಕ್ಯಾನಿನ ದಿನಕ್ಕೆ ಬರೋಣ. ಗುಬ್ಬಿಯಿಂದ ಅವಳ ಅತ್ತೆಯೂ ಬಂದಿದ್ದರು. ಓಲೆ, ಬಳೆ, ಕಾಲುಂಗುರ, ತಾಳಿ, ತಲೆಯ ಪಿನ್ನು ಎಲ್ಲ ಬಿಚ್ಚಿಸಿ ಒಂದು ಚೀಲಕ್ಕೆ ಹಾಕಿ ಕೊಟ್ಟರು. ತಾಳಿ ತೆಗೆಯುವಾಗ ಅತ್ತೆಯ ಮುಖ ಬಾಡಿತು. ಒಳಗಿನಿಂದ 'ಟಕ ಟಕ ಟಕ, ಗರ್ರ್ ಗರ್ರ್' ಎಂದು ಸದ್ದು ಕೇಳಿದಾಗ ಅವರು ನನ್ನ ತೋಳು ಹಿಡಿದರು. "ಏನ್ ಮಾಡ್ತಾವ್ರೆ ಮೇಷ್ಟ್ರೇ ಒಳಗೆ? ತಲೆಗೆ ಕರೆಂಟ್ ಕೊಡ್ತಾವ್ರಾ?"

"ಇಲ್ಲಮ್ಮ" ಅಂದೆ. "ನೀವು ಅಟ್ಟದ ಮೇಲೆ ಮಾಡೋದನ್ನೇ ಮಾಡ್ತಾ ಇದ್ದಾರೆ."

ಅವರ ಮನೆಯ ಅಟ್ಟದಲ್ಲಿ ಉಂಡೆ ಕೊಬ್ಬರಿಗೆಂದು ಸಾವಿರಾರು ತೆಂಗಿನಕಾಯಿ ತುಂಬಿರುತ್ತವೆ. ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆ ಅಜ್ಜಿ ಕಾಯನ್ನು ಕಿವಿಯ ಬಳಿ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. 'ಕುಳಕುಳ' ಅಂದರೆ ನೀರಿದೆ, ಇನ್ನೂ ಬಿಡಬೇಕು. 'ಗಡಗಡ' ಅಂದರೆ ಕೊಬ್ಬರಿ ಬಿಟ್ಟಿದೆ, ಒಡೆಯಬಹುದು. ಕಾಯಿ ಒಡೆಯದೆ ಒಳಗಿನ ನೀರನ್ನು ಕೇಳಿ ತಿಳಿಯುವುದು ಅವರ ವಿದ್ಯೆ. ಎಂಆರ್‌ಐ ಕೂಡ ತಲೆಯೊಳಗಿನ ನೀರನ್ನು ಅಲ್ಲಾಡಿಸಿ, ಅದು ಕೊಡುವ ಸದ್ದನ್ನು ಕೇಳುವ ವಿದ್ಯೆ. ನಮ್ಮ ಮಿದುಳಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ.

ಹೇಗೆ ಅಲ್ಲಾಡಿಸುತ್ತಾರೆ? ನೀರಿನ ಪ್ರತಿ ಅಣುವಿನಲ್ಲೂ ಎರಡು ಜಲಜನಕದ ಪರಮಾಣುಗಳಿವೆ. ಒಂದೊಂದು ಪರಮಾಣುವಿನ ನಡುವೆಯೂ ಇರುವ ಪ್ರೋಟಾನು ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಎಂಆರ್‌ಐ ಯಂತ್ರದ ದೊಡ್ಡ ಬಳೆಯಂಥ ಭಾಗದಲ್ಲಿ ಭಾರಿ ಅಯಸ್ಕಾಂತವಿದೆ. ಸಾಮಾನ್ಯ ಯಂತ್ರದ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಅಯಸ್ಕಾಂತ ಬಲದ ಸುಮಾರು 30,000 ಪಟ್ಟು. ಆ ಬಲ ಸದಾ ಇರಲಿ ಎಂದು ಅದರ ತಂತಿಯ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಂಪಾಗಿ ಇಟ್ಟಿರುತ್ತಾರೆ. ಕಬ್ಬಿಣದ ವಸ್ತು ಹತ್ತಿರ ಬಂದರೆ ಗುಂಡಿನಂತೆ ಹಾರಿ ಹೋಗಿ ಅಂಟಿಕೊಳ್ಳುತ್ತದೆ. ಒಡವೆ, ಪಿನ್ನು ಎಲ್ಲ ಬಿಚ್ಚಿಸುವುದು ಅದಕ್ಕೇ. ಎದೆಯಲ್ಲಿ ಪೇಸ್‌ಮೇಕರ್ ಇರುವ ಅಜ್ಜ ಅಜ್ಜಿಯರು ಅದನ್ನು ಮೊದಲೇ ಹೇಳಲೇಬೇಕು.

ಆ ಬಲದ ಒಳಗೆ ಹೋದಾಗ ಪ್ರೋಟಾನುಗಳು ಬುಗುರಿಯಂತೆ ಓಲಾಡುತ್ತ ತಿರುಗುತ್ತವೆ. ಬುಗುರಿ ತಿರುಗುತ್ತಲೇ ತಲೆದೂಗುತ್ತದಲ್ಲ, ಹಾಗೆ. 1.5 ಟೆಸ್ಲಾದಲ್ಲಿ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಮೇಲೇರುತ್ತದೆ, ಹೌದೇ? ಹಾಗೆಯೇ ಅದೇ ಲಯದ ರೇಡಿಯೊ ಅಲೆಯಿಂದ ಪ್ರೋಟಾನುಗಳನ್ನು ತಳ್ಳುತ್ತಾರೆ. ಅದು ನಮ್ಮ ಎಫ್‌ಎಂ ರೇಡಿಯೊ ಅಲೆಯ ನೆಂಟನೇ. ಎಕ್ಸ್‌ರೇ ಅಲ್ಲ. ತಳ್ಳುವುದು ನಿಲ್ಲಿಸಿದ ಕೂಡಲೇ ಪ್ರೋಟಾನುಗಳು ಸಣ್ಣದೊಂದು ರೇಡಿಯೊ ಸದ್ದನ್ನು ಹಿಂದಿರುಗಿಸುತ್ತ ಸುಮ್ಮನಾಗುತ್ತವೆ. ಕೊಬ್ಬಿನ ಪದರಗಳ ನಡುವೆ ಇಕ್ಕಟ್ಟಿನಲ್ಲಿರುವ ನೀರು ಬೇಗ ಸುಮ್ಮನಾಗುತ್ತದೆ. ಬಿಡುವಾಗಿರುವ ನೀರು ತುಂಬ ಹೊತ್ತು ಮಾತಾಡುತ್ತದೆ. ಎಲ್ಲಿ ಮೈಲಿನ್ ಕಳಚಿ ಉರಿ ಬಂದಿದೆಯೋ ಅಲ್ಲಿ ನೀರು ಹೆಚ್ಚು, ಬಿಡುವೂ ಹೆಚ್ಚು. ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಎಂಎಸ್‌ನ ಬಿಳಿ ಚುಕ್ಕಿ ಎಂದರೆ ಅದೇ.

ಸದ್ದು ತಲೆಯ ಯಾವ ಮೂಲೆಯಿಂದ ಬಂತು ಎಂದು ಹೇಗೆ ತಿಳಿಯುವುದು? ನಾಟಕ ಕಂಪನಿಗೆ ಹೆಸರಾದ ಗುಬ್ಬಿಯವರಿಗೆ ಹಾರ್ಮೋನಿಯಂ ಗೊತ್ತಿರಬೇಕು. ಕಿವಿ ಪಳಗಿದವರು ಕಣ್ಣು ಮುಚ್ಚಿಕೊಂಡೇ ಯಾವ ಮನೆ ಒತ್ತಿದರು ಎಂದು ಸ್ವರ ಕೇಳಿ ಹೇಳುತ್ತಾರೆ. ಯಂತ್ರವು ತಲೆಯ ಒಂದು ಬದಿಯಲ್ಲಿ ಅಯಸ್ಕಾಂತದ ಬಲವನ್ನು ತುಸು ಹೆಚ್ಚು, ಇನ್ನೊಂದು ಬದಿಯಲ್ಲಿ ತುಸು ಕಡಿಮೆ ಮಾಡುತ್ತದೆ. ಆಗ ಒಂದೊಂದು ಜಾಗದ ಪ್ರೋಟಾನಿಗೂ ಒಂದೊಂದು ಸ್ವರ. ಸ್ವರ ಕೇಳಿ ಕಂಪ್ಯೂಟರು ಜಾಗ ಗುರುತಿಸುತ್ತದೆ. ಬಲವನ್ನು ಹೀಗೆ ಏರಿಸಿ ಇಳಿಸುವ ಸುರುಳಿಗಳು ನಡುಗುವುದರಿಂದಲೇ ಆ 'ಟಕ ಟಕ' ಗಲಾಟೆ.

ಅತ್ತೆ ಎಲ್ಲ ಕೇಳಿದರು. "ಹಂಗಾರೆ ನೋವಾಗಕಿಲ್ಲ?" ಅಂದರು. "ಇಲ್ಲ, ಅಲ್ಲಾಡದೆ ಮಲಗಬೇಕು ಅಷ್ಟೇ." "ಪಾಪ, ಮುಕ್ಕಾಲು ಗಂಟೆ ಅಲ್ಲಾಡದೆ ಮಲಗೋದೂ ಕಷ್ಟವೇ" ಎಂದರು. ಸೊಸೆಯ ಬಗ್ಗೆ ಅವರು 'ಪಾಪ' ಅಂದದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಆಮೇಲೆ ವೈದ್ಯರು ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಈರುಳ್ಳಿ ಬಿಲ್ಲೆ ಹೆಚ್ಚಿದಂತೆ ಮಿದುಳಿನ ಒಂದೊಂದೇ ಪದರ. ಮಿದುಳಿನ ನಡುವೆ ನೀರು ತುಂಬಿದ ಗೂಡುಗಳಿವೆ. ಎಂಎಸ್‌ನ ಕಲೆಗಳಿಗೆ ಆ ಗೂಡುಗಳ ಪಕ್ಕವೇ ಬಲು ಇಷ್ಟದ ಜಾಗ. ಆದರೆ ಗೂಡಿನ ನೀರೂ ಬಿಳಿ, ಕಲೆಯೂ ಬಿಳಿಯಾದರೆ ಹುಣ್ಣಿಮೆ ಚಂದ್ರನ ಪಕ್ಕದ ನಕ್ಷತ್ರದಂತೆ ಕಲೆ ಕಾಣಿಸುವುದೇ ಇಲ್ಲ. ಅದಕ್ಕೆ ಫ್ಲೇರ್ ಎಂಬ ಒಂದು ಉಪಾಯವಿದೆ. ಅದು ಗೂಡಿನ ನೀರನ್ನು ಕಪ್ಪಾಗಿಸಿ ಕಲೆಯನ್ನು ಮಾತ್ರ ಬೆಳ್ಳಗೆ ಉಳಿಸುತ್ತದೆ. ಆ ಚಿತ್ರದಲ್ಲಿ ನಮ್ಮ ಹುಡುಗಿಯ ಮಿದುಳಿನ ಗೂಡಿನ ಅಂಚಿಗೆ ಬೆರಳುಗಳು ನಿಂತಂತೆ ಉದ್ದುದ್ದ ಬಿಳಿ ಕಲೆಗಳಿದ್ದವು. 1916ರಲ್ಲಿ ಎಡಿನ್‌ಬರೋದ ಜೇಮ್ಸ್ ಡಾಸನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಟ್ಟದ್ದು ಇಂಥ ಕಲೆಗಳನ್ನೇ. ಇವತ್ತಿಗೂ ವೈದ್ಯರು ಅವನ್ನು ಡಾಸನ್ನನ ಬೆರಳುಗಳು ಎನ್ನುತ್ತಾರೆ. ಬೆನ್ನುಹುರಿಯಲ್ಲೂ ಒಂದು ಕಲೆ ಇತ್ತು. ಚಪ್ಪಲಿ ಕಳಚುತ್ತಿದ್ದುದು ಅದರಿಂದ.

"ಒಂದು ಕಲೆ ಸಾಲದು" ಎಂದರು ವೈದ್ಯರು. "ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಆಗಿದೆ ಎಂದು ತೋರಬೇಕು." ಇದು 2001ರಲ್ಲಿ ಜಗತ್ತಿನ ತಜ್ಞರು ಸೇರಿ ಮಾಡಿದ ಮೆಕ್‌ಡೊನಾಲ್ಡ್ ನಿಯಮ. ಆಮೇಲೆ ಹಲವು ಸಲ ತಿದ್ದಿದ್ದಾರೆ. ಜಾಗವೇನೋ ಚಿತ್ರದಲ್ಲಿ ಕಾಣುತ್ತದೆ, ಕಾಲ ಹೇಗೆ ಕಾಣುತ್ತದೆ? ಹೆಂಚಿನ ಮನೆಯ ಗೋಡೆಯನ್ನು ನೆನಪಿಸಿಕೊಳ್ಳಿ. ಹೋದ ವರ್ಷ ಸೋರಿದ ಕಲೆ ಒಣಗಿರುತ್ತದೆ. ನಿನ್ನೆ ಸೋರಿದ್ದು ಮುಟ್ಟಿದರೆ ಒದ್ದೆ. ಮಿದುಳಿನ ಹೊಸ ಕಲೆಯಲ್ಲಿ ರಕ್ತನಾಳದ ಗೋಡೆ ಕೆಲವು ವಾರ ಸೋರುತ್ತಿರುತ್ತದೆ. ಗ್ಯಾಡೋಲಿನಿಯಂ ಎಂಬ ಲೋಹ ಸೇರಿದ ಔಷಧವನ್ನು ಕೈಯ ನರಕ್ಕೆ ಚುಚ್ಚಿದರೆ, ಅದು ಸೋರುವ ಜಾಗದಲ್ಲಿ ಮಾತ್ರ ಹೊರಬಂದು ಆ ಕಲೆಯನ್ನು ಹೊಳೆಯಿಸುತ್ತದೆ. ಹಳೆಯ ಕಲೆ ಹೊಳೆಯುವುದಿಲ್ಲ. ಅವಳ ಚಿತ್ರದಲ್ಲಿ ಎರಡು ಹೊಳೆದವು, ಉಳಿದವು ಸುಮ್ಮನಿದ್ದವು. ಒಂದೇ ದಿನದ ಚಿತ್ರದಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಸಾಕ್ಷಿ ಹೇಳಿದವು.

ಅತ್ತೆ ಪರದೆಯ ಮುಂದೆ ತುಂಬ ಹೊತ್ತು ನಿಂತರು. "ಇಷ್ಟೊಂದು ಗಾಯ ಇಟ್ಕೊಂಡು ಬಟ್ಟೆ ಒಗೀತಿದ್ಲಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನಾನೂ ತಲೆ ತಗ್ಗಿಸಿದೆ.

ಈ ವಿದ್ಯೆ ಎಲ್ಲಿಂದ ಬಂತು ಎಂದೂ ಹೇಳಬೇಕು. ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ಮಾಡಿದ ಸಿಟಿ ಸ್ಕ್ಯಾನ್ ಯಂತ್ರದಲ್ಲಿ 1971ರಲ್ಲಿ ಮೊದಲ ಸಲ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆದರು. ಅದೇ ವರ್ಷ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್, ಹಲವು ದಿಕ್ಕಿನಿಂದ ತೆಗೆದ ಎಕ್ಸ್‌ರೇ ಚಿತ್ರಗಳಿಂದ ಒಳಗಿನ ರೂಪವನ್ನು ಲೆಕ್ಕ ಹಾಕಿ ಕಟ್ಟುವ ಸುಲಭ ಗಣಿತವನ್ನು ಪ್ರಕಟಿಸಿದರು. ರಾಮಚಂದ್ರನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಸ್ಕ್ಯಾನ್ ಗಣಿತದಲ್ಲಿ ಇವತ್ತಿಗೂ ಅದನ್ನು ಇಬ್ಬರ ಹೆಸರಿನ ಮೊದಲ ಅಕ್ಷರಗಳಿಂದ 'ರಾಮ್-ಲ್ಯಾಕ್' ಎನ್ನುತ್ತಾರೆ. 1973ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ಅಯಸ್ಕಾಂತ ಮತ್ತು ರೇಡಿಯೊ ಅಲೆಯಿಂದ ಚಿತ್ರ ಮಾಡಿ ತೋರಿಸಿದರು. ಏನಿತ್ತು ಆ ಚಿತ್ರದಲ್ಲಿ? ನೀರು ತುಂಬಿದ ಎರಡು ಸಣ್ಣ ಗಾಜಿನ ನಳಿಕೆಗಳು, ಅಷ್ಟೇ. ಪತ್ರಿಕೆಯವರು ಮೊದಲು ಆ ಲೇಖನವನ್ನು ಬೇಡವೆಂದು ಹಿಂದಿರುಗಿಸಿದ್ದರು. 2003ರಲ್ಲಿ ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂತು.

1981ರಲ್ಲಿ ಲಂಡನ್ನಿನ ವೈದ್ಯರು 10 ಮಂದಿ ಎಂಎಸ್ ರೋಗಿಗಳನ್ನು ಎರಡೂ ಯಂತ್ರದಲ್ಲಿ ನೋಡಿದರು. ಸಿಟಿ ಸ್ಕ್ಯಾನಿನಲ್ಲಿ ಕಂಡ ಕಲೆಗಳು 19. ಹೊಸ ಯಂತ್ರದಲ್ಲಿ ಅವೂ ಕಂಡವು, ಜೊತೆಗೆ ಇನ್ನೂ 112 ಕಂಡವು. ಅಲ್ಲಿಯವರೆಗೆ ಈ ರೋಗಿಗಳಲ್ಲಿ ಎಷ್ಟು ಮಂದಿ ತಮ್ಮ ಮನೆಯವರಿಂದ "ಏನೂ ಆಗಿಲ್ಲ, ಸುಮ್ಮನೆ ಅಂತೀಯ" ಎಂಬ ಮಾತು ಕೇಳಿದ್ದರೋ! 1993ರಲ್ಲಿ ಅಮೆರಿಕದಲ್ಲಿ ಎಂಎಸ್‌ನ ದಾಳಿಗಳನ್ನು ಕಡಿಮೆ ಮಾಡುವ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಔಷಧ ಪಡೆದವರ ಚಿತ್ರಗಳಲ್ಲಿ ಹೊಸ ಕಲೆ ಕಡಿಮೆಯಿದ್ದುದೂ ಅದಕ್ಕೆ ಒಂದು ಆಧಾರ.

ಅಜ್ಜ ಅಜ್ಜಿಯರೇ, ಈಗ ನಿಮಗೊಂದು ಮಾತು. ಹೋದ ವರ್ಷ ತಲೆಸುತ್ತು ಎಂದು ನನಗೂ ಎಂಆರ್‌ಐ ಮಾಡಿದರು. ವರದಿಯಲ್ಲಿ 'ಬಿಳಿ ಚುಕ್ಕಿಗಳಿವೆ' ಎಂದು ಓದಿ ರಾತ್ರಿಯೆಲ್ಲ ನಿದ್ದೆಗೆಟ್ಟೆ. ಬೆಳಗ್ಗೆ ವೈದ್ಯರು ನಕ್ಕು, "ಮೇಷ್ಟ್ರೇ, ವಯಸ್ಸಿಗೆ ತಲೆಗೂದಲು ನರೆಯೋದಿಲ್ವಾ, ಹಾಗೆ ಮಿದುಳಿನಲ್ಲೂ ಚುಕ್ಕಿ ಬರುತ್ತೆ. ಬಿಪಿ ಮಾತ್ರೆ ತಪ್ಪಿಸಬೇಡಿ" ಅಂದರು. ಬಿಳಿ ಚುಕ್ಕಿ ಎಲ್ಲ ಎಂಎಸ್ ಅಲ್ಲ. ರಕ್ತದೊತ್ತಡ, ಮೈಗ್ರೇನ್ ತಲೆನೋವು, ಕೆಲವು ಸೋಂಕುಗಳು ಇವುಗಳಿಂದಲೂ ಚುಕ್ಕಿ ಬರುತ್ತವೆ. ಬಿ12 ಕಡಿಮೆಯಾದರೆ ಕಾಲು ಜೋಮು ಹಿಡಿಯುತ್ತದೆ. ಚುಕ್ಕಿಯ ಆಕಾರ, ಜಾಗ, ರೋಗಿ ಹೇಳುವ ಕಥೆ ಮೂರನ್ನೂ ಕೂಡಿಸಿ ಓದಬೇಕು. ಅದಕ್ಕೇ ಆ ವೈದ್ಯರು ಸ್ಕ್ಯಾನಿಗೆ ಮೊದಲು ಕಥೆ ಕೇಳಿದ್ದು. ವರದಿಯ ಹಾಳೆಯನ್ನು ಮನೆಯಲ್ಲಿ ನಾವೇ ಓದಿ ನಾವೇ ಹೆದರಬಾರದು.

ನಮ್ಮ ಕಡೆ ಇನ್ನೊಂದು ಎಚ್ಚರವೂ ಬೇಕು. ಎಂಎಸ್‌ನಂತೆಯೇ ಕಣ್ಣನ್ನೂ ಬೆನ್ನುಹುರಿಯನ್ನೂ ಕಾಡುವ ಎನ್‌ಎಂಒ ಎಂಬ ಬೇರೆ ರೋಗವಿದೆ. ಅದನ್ನು ಗುರುತಿಸುವ ರಕ್ತಪರೀಕ್ಷೆಗೆ 2004ರಲ್ಲಿ ದಾರಿ ಸಿಕ್ಕಿತು. ಎಂಎಸ್‌ಗೆ ಕೊಡುವ ಕೆಲವು ಔಷಧಗಳು ಎನ್‌ಎಂಒ ಇದ್ದವರಿಗೆ ತೊಂದರೆಯನ್ನೇ ಹೆಚ್ಚಿಸುತ್ತವೆ. ಆದ್ದರಿಂದ ಎರಡನ್ನೂ ಬೇರ್ಪಡಿಸಿ ತಿಳಿಯುವುದು ತುಂಬ ಮುಖ್ಯ. ಮಂಗಳೂರಿನಲ್ಲಿ ಕೆ. ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯ ಡಾ. ಲೇಖಾ ಪಂಡಿತ್ ಈ ಎರಡು ರೋಗಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷ ಜನಕ್ಕೆ ಸುಮಾರು 8 ಮಂದಿಗೆ ಎಂಎಸ್ ಇತ್ತು. ಉತ್ತರ ಯೂರೋಪಿನ ಹಲವು ದೇಶಗಳಲ್ಲಿ ಲಕ್ಷಕ್ಕೆ 100ಕ್ಕೂ ಹೆಚ್ಚು. ನಮ್ಮಲ್ಲಿ ಕಡಿಮೆ, ನಿಜ. ಕಡಿಮೆ ಇರುವುದರಿಂದಲೇ ಯಾರಿಗೂ ಹೊಳೆಯುವುದಿಲ್ಲ.

ಆಮೇಲೆ ಅವಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದೆವು. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರು, ರಕ್ತ ಪರೀಕ್ಷೆಯಲ್ಲಿ ಎನ್‌ಎಂಒ ಅಲ್ಲವೆಂದು ಖಚಿತವಾಯಿತು. ಉರಿ ಇಳಿಸಲು ಐದು ದಿನ ಸ್ಟೆರಾಯ್ಡ್ ಹಾಕಿದರು. ಮುಂದೆ ದಾಳಿ ಕಡಿಮೆಯಾಗಲು ಔಷಧ ಶುರು ಮಾಡಿದರು. ಎಂಎಸ್ ಅನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ಬೇಗ ಹಿಡಿದರೆ ಹೊಸ ಕಲೆ ಬಾರದಂತೆ ಬಹುಮಟ್ಟಿಗೆ ತಡೆಯಬಹುದು. ಈಗ ವರ್ಷಕ್ಕೊಮ್ಮೆ ಅವಳ ಎಂಆರ್‌ಐ ಆಗುತ್ತದೆ. ಹೋದ ಸಲದ ಚಿತ್ರದಲ್ಲಿ ಹೊಸ ಕಲೆ ಒಂದೂ ಇರಲಿಲ್ಲ. ಕೆಲವು ದಿನ ಕಾಲು ಎಳೆಯುತ್ತದೆ, ಕೆಲವು ದಿನ ತೋಟ ಸುತ್ತಿ ಬರುತ್ತಾಳೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂಎಸ್ ಕೂಡ ಸೇರಿದೆ ಎಂಬುದನ್ನು ಇಂಥ ರೋಗಿಗಳಿರುವ ಮನೆಯವರು ತಿಳಿದಿರಬೇಕು.

ಅವರ ಅತ್ತೆ ಬದಲಾಗಿದ್ದಾರೆ. ಎಣ್ಣೆ ಸ್ನಾನದ ದಿನ ಹಂಡೆಯ ನೀರಿಗೆ ತಾವೇ ತಣ್ಣೀರು ಬೆರೆಸಿ ಕೈಯಿಟ್ಟು ನೋಡುತ್ತಾರೆ. ಯಾರಾದರೂ ಬೀಗರು, "ನೋಡೋಕೆ ಚೆನ್ನಾಗೇ ಅವಳಲ್ಲ ನಿಮ್ ಸೊಸೆ" ಎಂದರೆ, "ಕಾಯಿನೂ ಮ್ಯಾಲೆ ಚೆನ್ನಾಗೇ ಇರ್ತದೆ ಕಣವ್ವ, ಒಳಗೆ ಏನೈತೆ ಅಂತ ಅಲ್ಲಾಡಿಸಿ ಕೇಳಬೇಕು" ಎನ್ನುತ್ತಾರೆ. ನನಗೆ ಇಷ್ಟು ಚೆನ್ನಾಗಿ ಪಾಠ ಮಾಡಲು ಬರುವುದಿಲ್ಲ.

ಕುಣಿಗಲ್ಲಿನ ಪುಟ್ಟಿ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಆ ಚಿತ್ರದಲ್ಲಿ ನನ್ನ ತಂಗಿಯ ಮಗಳ ಗಾಯ ಕಂಡಿತು. ಯಾರೂ ನಂಬದೆ ಇದ್ದಾಗ ಅವಳಿಗೆ ಆದ ದುಃಖ ಕಾಣಲಿಲ್ಲ. ಅದನ್ನು ನೋಡಲು ಚಿತ್ರ ಬೇಕಿರಲಿಲ್ಲ, ಪಕ್ಕ ಕೂತು ಕೇಳಿದ್ದರೆ ಸಾಕಿತ್ತು.

ಈ ವಾರ ಮಕ್ಕಳಿಗೆ ಎರಡು ಕೆಲಸ. ಒಂದು, ಬುಗುರಿ ಆಡಿಸಿ, ಅದು ನಿಧಾನವಾಗುವಾಗ ಹೇಗೆ ತಲೆದೂಗುತ್ತದೆ ನೋಡಿ. ಎರಡು, ಅಜ್ಜಿಯ ಹತ್ತಿರ ಹೋಗಿ ಒಂದು ಹಸಿ ಕಾಯಿ, ಒಂದು ಒಣಗಿದ ಕಾಯಿ ಕೇಳಿ ಪಡೆದು ಕಿವಿಯ ಬಳಿ ಅಲ್ಲಾಡಿಸಿ. ಯಾವುದರಲ್ಲಿ ನೀರಿದೆ ಎಂದು ಮೊದಲು ಹೇಳಿ, ಆಮೇಲೆ ಒಡೆದು ನೋಡಿ. ಸರಿಯಾದರೆ ಕೊಬ್ಬರಿ ನಿಮಗೆ. ತಪ್ಪಾದರೆ ಅಜ್ಜಿಗೆ, ತುರಿದು ಕೊಡಿ.

ನಿಮ್ಮ,
ತುಮಕೂರಿನ ಮೇಷ್ಟ್ರು ತಾತ